ನೀರಿನ ವಿಭಜನೆ ಮತ್ತು ಅಗ್ಗದ ಲೋಹಗಳ ವೇಗವರ್ಧಕಗಳು

(ಪ್ರೌಢಶಾಲಾ ವಿಜ್ಞಾನ ಬೋಧಕರಿಗೆ ಪೂರಕ ಪಾಠ)

ನೀರಿನ ವಿದ್ಯುದ್ವಿಭಜನೆಯು ಪ್ರೌಢಶಾಲೆಯ ರಸಾಯನ ವಿಜ್ಞಾನದಲ್ಲಿ ಎಲ್ಲ ಶಿಕ್ಷಕರಿಗೂ ಪರಿಚಿತವಾದ ಚಟುವಟಿಕೆ. ಪ್ಲಾಸ್ಟಿಕ್ ಲೋಟದ ತಳದಲ್ಲಿ ಎರಡು ಇಂಗಾಲದ ಕಡ್ಡಿಗಳನ್ನು ನಿಲ್ಲಿಸಿ, ನೀರಿಗೆ ಕೆಲವು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲವನ್ನು ಬೆರೆಸಿ, 6 ವೋಲ್ಟ್ ಬ್ಯಾಟರಿಯನ್ನು ಜೋಡಿಸಿದಾಗ ಎರಡು ಪ್ರನಾಳಗಳಲ್ಲಿ ಗುಳ್ಳೆಗಳೇಳುತ್ತವೆ. ಒಂದರಲ್ಲಿ ಸಂಗ್ರಹವಾದ ಅನಿಲವು ಇನ್ನೊಂದರ ಎರಡರಷ್ಟಿರುತ್ತದೆ. ಸಮೀಕರಣವನ್ನು ಕಪ್ಪುಹಲಗೆಯ ಮೇಲೆ ಬರೆದು, ಇದು ವಿಭಜನ ಕ್ರಿಯೆ ಎಂದು ಹೇಳಿ ಪಾಠವನ್ನು ಮುಗಿಸುವುದು ವಾಡಿಕೆ. ಆದರೆ ಮಕ್ಕಳ ಮನಸ್ಸಿನಲ್ಲಿ ಪಾಠವು ಅಲ್ಲಿಗೆ ಮುಗಿಯುವುದಿಲ್ಲ. ಉರಿಯುವ ಅನಿಲವು ನೀರಿನಲ್ಲಿಯೇ ಇದ್ದರೆ ಬೈಕಿಗೆ ಪೆಟ್ರೋಲಿನ ಬದಲು ನೀರನ್ನೇ ಹಾಕಿ ಓಡಿಸಬಾರದೇಕೆ ಎಂದು ಚುರುಕಾದ ವಿದ್ಯಾರ್ಥಿಯೊಬ್ಬನಾದರೂ ಕೇಳಿಯೇ ಕೇಳುತ್ತಾನೆ. ಈ ಪ್ರಶ್ನೆಯನ್ನು ನಕ್ಕು ಬದಿಗೊತ್ತತಕ್ಕದ್ದಲ್ಲ. ನೀರಿನಿಂದ ಓಡುವ ವಾಹನ, ಗಿಡಮೂಲಿಕೆಯಿಂದ ನೀರು ಪೆಟ್ರೋಲಾಗುವ ಪವಾಡ ಮುಂತಾದ ಮಾತುಗಳನ್ನು ನಂಬಿದವರು ಓದಿದವರಲ್ಲಿಯೂ ಇದ್ದಾರೆ. 1996ರಲ್ಲಿ ತಮಿಳುನಾಡಿನಿಂದ ಹೊರಟ ಇಂಥದೊಂದು ಗಿಡಮೂಲಿಕೆ ಇಂಧನದ ಸುದ್ದಿಯು ದೇಶವನ್ನೆಲ್ಲ ಸುತ್ತಿತು. ಪರೀಕ್ಷೆಗೊಡ್ಡಿದಾಗ ಅದು ನಿಲ್ಲಲಿಲ್ಲ.

ಅದೇ ಪ್ರಶ್ನೆಯ ಇನ್ನೊಂದು ಮಗ್ಗುಲು ಇಂದು ಗಂಭೀರ ಸಂಶೋಧನೆಯ ವಿಷಯವಾಗಿದೆ. ನೀರಿನಿಂದ ಹೈಡ್ರೋಜನ್ನನ್ನು ಪಡೆಯಬಹುದು, ಆದರೆ ಅದಕ್ಕೆ ತೆರಬೇಕಾದ ಬೆಲೆಯೆಷ್ಟು, ಆ ಬೆಲೆಯಲ್ಲಿ ಎಷ್ಟು ಭಾಗವು ಅನಿವಾರ್ಯ, ಎಷ್ಟು ಭಾಗವು ಬರಿಯ ನಷ್ಟ ಎಂಬುದೇ ಆ ಸಂಶೋಧನೆಯ ತಿರುಳು. ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿಯುವ ಮಕ್ಕಳಿಗೆ ಈ ವಿಷಯವು ದೂರದ್ದೇನಲ್ಲ. ಬಳ್ಳಾರಿಯನ್ನು ದಾಟಿದರೆ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಸಂಡೂರಿದೆ, ಉಕ್ಕಿನ ತೋರಣಗಲ್ಲಿದೆ.

ಅನಿವಾರ್ಯವಾದ ಎತ್ತರ, ತಪ್ಪಿಸಬಹುದಾದ ನಷ್ಟ

ವೋಲ್ಟಾನ ವಿದ್ಯುತ್ ಕೋಶದ ಸುದ್ದಿಯು 1800ರಲ್ಲಿ ಲಂಡನ್ನನ್ನು ಮುಟ್ಟಿದ ಕೆಲವೇ ವಾರಗಳಲ್ಲಿ ವಿಲಿಯಂ ನಿಕಲ್ಸನ್ ಮತ್ತು ಆಂಥೊನಿ ಕಾರ್ಲೈಲ್ ಎಂಬಿಬ್ಬರು ಅದನ್ನು ತಾವೇ ಜೋಡಿಸಿ, ತಂತಿಗಳನ್ನು ನೀರಿನಲ್ಲಿಳಿಸಿ ಎರಡು ಅನಿಲಗಳನ್ನು ಬೇರ್ಪಡಿಸಿದರು. ಅಂದಿನಿಂದ ಇಂದಿನವರೆಗೆ ಒಂದು ಅಂಕಿ ಮಾತ್ರ ಕದಲಿಲ್ಲ. ಸಾಮಾನ್ಯ ಉಷ್ಣತೆಯಲ್ಲಿ ನೀರನ್ನು ವಿಭಜಿಸಲು ಕನಿಷ್ಠ 1.23 ವೋಲ್ಟ್ ಬೇಕು. ಹೊರಗಿನಿಂದ ಉಷ್ಣವನ್ನು ಪಡೆಯದೆ ವಿದ್ಯುತ್ತಿನಿಂದಲೇ ಎಲ್ಲ ಕೆಲಸವೂ ಆಗಬೇಕಾದರೆ 1.48 ವೋಲ್ಟ್ ಬೇಕು. ಇದಕ್ಕಿಂತ ಕಡಿಮೆಯಲ್ಲಿ ಮಾಡಿಸುವ ಲೋಹವಾಗಲಿ ಗಿಡಮೂಲಿಕೆಯಾಗಲಿ ಇಲ್ಲ, ಇರುವುದೂ ಸಾಧ್ಯವಿಲ್ಲ. ಹೈಡ್ರೋಜನ್ ಉರಿದು ಮರಳಿ ನೀರಾಗುವಾಗ ಕೊಡುವ ಶಕ್ತಿಯು ವಿಭಜಿಸುವಾಗ ಪಡೆದ ಶಕ್ತಿಗಿಂತ ಹೆಚ್ಚಾಗಲಾರದು. ಆದ್ದರಿಂದ ನೀರು ಇಂಧನವಲ್ಲ. ಉರಿದು ಉಳಿದ ಬೂದಿಯಂತೆ, ಅದು ಹೈಡ್ರೋಜನ್ ಉರಿದ ಮೇಲೆ ಉಳಿದದ್ದು. ಬೈಕಿನ ಪ್ರಶ್ನೆಗೆ ಉತ್ತರವಿಷ್ಟೆ.

ವಾಸ್ತವದಲ್ಲಿ 1.48 ವೋಲ್ಟಿನಲ್ಲಿ ಕೆಲಸವು ನಡೆಯುವುದೇ ಇಲ್ಲವೆನ್ನಬೇಕು. ಕಾರ್ಖಾನೆಯ ಕೋಶಗಳು ಸಾಮಾನ್ಯವಾಗಿ 1.8ರಿಂದ 2 ವೋಲ್ಟಿನವರೆಗೆ ಬೇಡುತ್ತವೆ. ಇಂಗಾಲದ ಕಡ್ಡಿಯುಳ್ಳ ಶಾಲೆಯ ಲೋಟವು ಅದಕ್ಕೂ ಹೆಚ್ಚು. ಈ ಹೆಚ್ಚುವರಿಯನ್ನು ವಿವರಿಸಲು ಪಂಪ್‌ಸೆಟ್ಟಿನ ಹೋಲಿಕೆ ಒಳ್ಳೆಯದು. ತುಂಗಭದ್ರಾ ಕಾಲುವೆಯಿಂದಲೋ ಹಳ್ಳದಿಂದಲೋ ಹೊಲಕ್ಕೆ ನೀರೆತ್ತುವುದನ್ನು ಕೌತಾಳ, ಹೊಳಗುಂದ, ಕೋಸಿಗಿಯ ಮಕ್ಕಳು ಕಂಡಿರುತ್ತಾರೆ. ನೀರಿನ ಮಟ್ಟದಿಂದ ಹೊಲದ ಬದುವಿನವರೆಗಿನ ಎತ್ತರವು ನಿಶ್ಚಿತ. ಅದನ್ನು ಯಾವ ಮೆಕ್ಯಾನಿಕ್ಕನೂ ತಗ್ಗಿಸಲಾರ. ಆದರೆ ಫುಟ್ ವಾಲ್ವಿನಲ್ಲಿ ಕಸ ಸಿಕ್ಕಿದ್ದರೆ, ಪೈಪು ತುಕ್ಕು ಹಿಡಿದು ಕಿರಿದಾಗಿದ್ದರೆ, ಅದೇ ಎತ್ತರಕ್ಕೆ ಅಷ್ಟೇ ನೀರನ್ನೇರಿಸಲು ಮೋಟಾರು ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ. ಎತ್ತರವೆಂದರೆ 1.23 ವೋಲ್ಟ್. ವಾಲ್ವಿನ ಕಸವೆಂದರೆ ವಿದ್ಯುದಗ್ರದ ಮೇಲ್ಮೈಯಲ್ಲಿ ಕ್ರಿಯೆಯು ನಿಧಾನವಾಗಿ ನಡೆಯುವುದರಿಂದ ತೆರಬೇಕಾದ ಹೆಚ್ಚುವರಿ ವೋಲ್ಟ್, ಇದನ್ನು ಅಧಿವಿಭವವೆನ್ನಬಹುದು. ವೇಗವರ್ಧಕದ ಕೆಲಸವು ವಾಲ್ವಿಗೆ ಸಂಬಂಧಿಸಿದ್ದು, ಎತ್ತರಕ್ಕೆ ಸಂಬಂಧಿಸಿದ್ದಲ್ಲ.

ಈ ನಷ್ಟವನ್ನು ಯೂನಿಟ್ಟುಗಳಲ್ಲಿ ಎಣಿಸುವುದು ಸುಲಭ. 1 ಕಿಲೋಗ್ರಾಂ ಹೈಡ್ರೋಜನ್ ಪಡೆಯಲು ಸುಮಾರು 26,600 ಆಂಪಿಯರ್-ಗಂಟೆಗಳಷ್ಟು ವಿದ್ಯುದಾವೇಶವು ಹರಿಯಬೇಕು. ಇದು ಫ್ಯಾರಡೆಯ ನಿಯಮದಿಂದ ಬರುವ ಅಂಕಿ, ಲೋಹ ಯಾವುದಾದರೂ ಬದಲಾಗದು. ಆದ್ದರಿಂದ ಕೋಶದ ವೋಲ್ಟನ್ನು 26.6ರಿಂದ ಗುಣಿಸಿದರೆ 1 ಕಿಲೋಗ್ರಾಮಿಗೆ ಬೇಕಾದ ಯೂನಿಟ್ಟುಗಳು ದೊರೆಯುತ್ತವೆ. 1.48 ವೋಲ್ಟಿಗೆ 39.4 ಯೂನಿಟ್, 1.8ಕ್ಕೆ ಸುಮಾರು 48, 2ಕ್ಕೆ 53. ಒಂದು ವೋಲ್ಟಿನ ಹತ್ತನೆಯ ಒಂದು ಭಾಗವನ್ನುಳಿಸಿದರೂ ಪ್ರತಿ ಕಿಲೋಗ್ರಾಮಿನಲ್ಲಿ ಎರಡೂವರೆ ಯೂನಿಟ್ಟಿಗಿಂತ ಹೆಚ್ಚು ಉಳಿಯುತ್ತದೆ. ಗುಣಾಕಾರ ಬಲ್ಲ ಮಗುವಿಗೆ ಹೈಡ್ರೋಜನ್ ಸಂಶೋಧನೆಯ ಬಾಗಿಲನ್ನು ತೆರೆಯಲು ಈ ಒಂದು ಅಂಕಿ ಸಾಕು.

ವೇಗವರ್ಧಕವೆಂಬ ಪದ

ಇಲ್ಲಿ ಭಾಷೆಯ ಒಂದು ತೊಡಕನ್ನು ಬಿಡಿಸದೆ ಮುಂದೆ ಹೋಗಬಾರದು. ಕನ್ನಡದಲ್ಲಿ ಕ್ಯಾಟಲಿಸ್ಟ್ ಎಂಬುದಕ್ಕೆ ವೇಗವರ್ಧಕ, ಕ್ರಿಯಾವರ್ಧಕ ಎಂಬ ಪದಗಳು ಬಳಕೆಯಲ್ಲಿವೆ. ವಾಹನದ ಆಕ್ಸಿಲರೇಟರಿಗೂ ವೇಗವರ್ಧಕವೆನ್ನುವುದುಂಟು. ಆಕ್ಸಿಲರೇಟರನ್ನು ತಿರುವಿದರೆ ಹೆಚ್ಚು ಪೆಟ್ರೋಲು ಹೋಗಿ ವೇಗ ಹೆಚ್ಚುತ್ತದೆ. ಕ್ಯಾಟಲಿಸ್ಟಾದರೋ ಹೆಚ್ಚು ಶಕ್ತಿಯನ್ನು ಕೊಡದೆಯೇ ವೇಗವನ್ನು ಹೆಚ್ಚಿಸುತ್ತದೆ. ಎರಡೂ ಅರ್ಥಗಳು ಮಗುವಿನ ತಲೆಯಲ್ಲಿ ಕಲೆತರೆ, ವೇಗವರ್ಧಕವು ಶಕ್ತಿಯನ್ನು ಸೇರಿಸುವ ವಸ್ತು ಎಂಬ ತಪ್ಪು ತಿಳಿವಳಿಕೆ ಬೇರೂರುತ್ತದೆ. ನೀರಿನ ಪವಾಡಗಳನ್ನು ನಂಬುವುದಕ್ಕೆ ದಾರಿಯಾಗುವುದೂ ಇದೇ ತಪ್ಪು.

ಈ ಭಾಗದ ಮಕ್ಕಳು ಕಿವಿಯಲ್ಲಿ ತೆಲುಗನ್ನೂ ಹೊತ್ತಿರುವುದು ಇಲ್ಲಿ ಅನುಕೂಲವೇ ಸರಿ. ತೆಲುಗಿನಲ್ಲಿ ಇದಕ್ಕೆ ಉತ್ಪ್ರೇರಕಮು ಎನ್ನುತ್ತಾರೆ, ಹಿಂದಿಯಲ್ಲಿಯೂ ಉತ್ಪ್ರೇರಕವೇ. ಪ್ರೇರಿಸುವುದು ಎಂಬ ಅರ್ಥವು ಇಲ್ಲಿ ಹೆಚ್ಚು ಹೊಂದುತ್ತದೆ. ಹಾಗೆಯೇ ಕನ್ನಡದ ವಿದ್ಯುದ್ವಿಭಜನೆಯು ತೆಲುಗಿನಲ್ಲಿ ವಿದ್ಯುದ್ವಿಶ್ಲೇಷಣ. ಶಿಕ್ಷಕರು ಕನ್ನಡ ಪದವನ್ನು ಮೊದಲು ಬರೆದು, ಅದರ ಪಕ್ಕದಲ್ಲಿ ತೆಲುಗಿನ ಪದವನ್ನೂ ಇಂಗ್ಲಿಷಿನ ಉಚ್ಚಾರಣೆಯನ್ನೂ ಕನ್ನಡ ಲಿಪಿಯಲ್ಲಿಯೇ ಬರೆದು ತೋರಿಸುವುದು ಒಳ್ಳೆಯದು. ಹತ್ತನೆಯ ತರಗತಿಯನ್ನು ಮುಗಿಸಿ ಇಂಟರ್‌ಮೀಡಿಯೆಟ್ ಸೇರುವ ಮಗುವು ಆಗ ಅಪರಿಚಿತ ಪದಗಳ ಮುಂದೆ ಬಾಯ್ಬಿಡದೆ ನಿಲ್ಲುವ ಸ್ಥಿತಿ ತಪ್ಪುತ್ತದೆ. ಮೂರು ಪದಗಳನ್ನು ಕಲಿಸುವುದರಿಂದ ಕನ್ನಡಕ್ಕೆ ಕುಂದೇನೂ ಇಲ್ಲ.

ವೇಗವರ್ಧಕವು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಬಂದರೆ ಪಂಪಿನ ಹೋಲಿಕೆಯು ಸಾಲದು. ಪೈಪು ನೀರನ್ನು ಹಿಡಿದು ಬಿಡುವುದಿಲ್ಲ. ಆದವಾನಿ ಸೀಮೆಯಲ್ಲಿ ಇದಕ್ಕಿಂತ ಉತ್ತಮವಾದ ಉದಾಹರಣೆಯೆಂದರೆ ಹತ್ತಿ ಬಿಡಿಸುವ ಕೈ. ಬೆರಳುಗಳು ಕಾಯಿಯಿಂದ ಹತ್ತಿಯನ್ನು ಕೀಳುವಷ್ಟು ಬಿಗಿಯಾಗಿ ಹಿಡಿಯಬೇಕು, ಉಡಿಗೆ ಹಾಕುವಾಗ ಸಲೀಸಾಗಿ ಬಿಡಬೇಕು, ಮರುಕ್ಷಣವೇ ಮುಂದಿನ ಕಾಯಿಗೆ ಸಿದ್ಧವಾಗಬೇಕು. ಹಿಡಿತವು ಸಡಿಲವಾದರೆ ಹತ್ತಿ ಬಾರದು. ಬೆರಳಿಗೆ ಅಂಟು ಮೆತ್ತಿದ್ದರೆ ಹತ್ತಿ ಕೈಬಿಡದು. ವಿದ್ಯುದಗ್ರದ ಮೇಲಿನ ಲೋಹದ ಪರಮಾಣುಗಳು ಹೈಡ್ರೋಜನ್ ಪರಮಾಣುವನ್ನು ಹೀಗೆಯೇ ಹಿಡಿದು ಬಿಡಬೇಕು. ಈ ತತ್ತ್ವವು ಫ್ರಾನ್ಸಿನ ಪಾಲ್ ಸಬಾಟಿಯೆಯ ಹೆಸರಿನಲ್ಲಿದೆ; ಆತನಿಗೆ 1912ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು. ಹೈಡ್ರೋಜನ್ನಿನ ಮಟ್ಟಿಗೆ ಅತ್ಯಂತ ಹದವಾದ ಕೈಯೆಂದರೆ ಪ್ಲಾಟಿನಂ.

ಕಷ್ಟವಿರುವುದು ಧನಾಗ್ರದಲ್ಲಿ

ಪಠ್ಯದಲ್ಲಿ ಎರಡು ವಿದ್ಯುದಗ್ರಗಳಿಗೂ ಸಮಾನ ಸ್ಥಾನವಿದೆ. ಸಂಶೋಧಕನ ಪಾಲಿಗೆ ಅವು ಸಮಾನವಲ್ಲ. ಋಣಾಗ್ರದಲ್ಲಿ ಎರಡು ಎಲೆಕ್ಟ್ರಾನುಗಳಿಂದ ಒಂದು ಹೈಡ್ರೋಜನ್ ಅಣುವಾಗುತ್ತದೆ. ಧನಾಗ್ರದಲ್ಲಿ ಒಂದು ಆಕ್ಸಿಜನ್ ಅಣುವಾಗಲು ನಾಲ್ಕು ಎಲೆಕ್ಟ್ರಾನುಗಳು ಒಂದರ ಹಿಂದೊಂದು ಹೊರಡಬೇಕು, ನಡುವೆ ಹಲವು ಬಂಧಗಳು ಮುರಿದು ಕೂಡಬೇಕು. ನಷ್ಟದ ದೊಡ್ಡ ಪಾಲು ಇಲ್ಲಿಯದು. ಆಮ್ಲೀಯ ಮಾಧ್ಯಮದ ಕೋಶಗಳಲ್ಲಿ ಧನಾಗ್ರಕ್ಕೆ ಇರಿಡಿಯಂ ಎಂಬ ಲೋಹವನ್ನು ಬಳಸುತ್ತಾರೆ. ಏಕೆಂದರೆ ಆಮ್ಲ ಮತ್ತು ಆಕ್ಸಿಜನ್ ಎರಡೂ ಸೇರಿದ ಜಾಗದಲ್ಲಿ ಅಗ್ಗದ ಲೋಹಗಳು ಕರಗಿಹೋಗುತ್ತವೆ. ಇರಿಡಿಯಮ್ಮಿನ ಉತ್ಪಾದನೆಯು ಇಡೀ ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಕಡಿಮೆ. ಅದರಲ್ಲಿ ಬಹುಪಾಲು ದಕ್ಷಿಣ ಆಫ್ರಿಕಾದ ಗಣಿಗಳಿಂದ ಬರುತ್ತದೆ. ಭಾರತವು 2023ರ ಜನವರಿಯಲ್ಲಿ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಯೋಜನೆಯ ಗುರಿಯು 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹೈಡ್ರೋಜನ್. ಹತ್ತು ಟನ್ನಿನ ಲೋಹವನ್ನು ನಂಬಿ ಇಂಥ ಗುರಿಯನ್ನು ಮುಟ್ಟಲಾಗದು.

ಆದ್ದರಿಂದಲೇ ಕ್ಷಾರೀಯ ಮಾಧ್ಯಮದ ಕಡೆಗೆ, ನಿಕಲ್ ಮತ್ತು ಕಬ್ಬಿಣದ ಕಡೆಗೆ ಸಂಶೋಧಕರ ಗಮನವಿದೆ. ನಿಕಲ್ ಕ್ಷಾರದಲ್ಲಿ ಕರಗದೆ ನಿಲ್ಲುತ್ತದೆ. ಇದರ ಕಥೆಯಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಒಂದು ತಿರುವಿದೆ. ನಿಕಲ್ ಬ್ಯಾಟರಿಗಳನ್ನು ಚಾರ್ಜ್ ಮಾಡುವಾಗ ಆಕ್ಸಿಜನ್ ಹೊರಡುವುದು ದೋಷ, ಶಕ್ತಿಯ ಪೋಲು. 1987ರಲ್ಲಿ ಅಮೆರಿಕದ ಡೆನಿಸ್ ಕೊರಿಗನ್, ನಿಕಲ್ ಆಕ್ಸೈಡಿನಲ್ಲಿ ಅತ್ಯಲ್ಪ ಕಬ್ಬಿಣವು ಕಲ್ಮಶವಾಗಿ ಸೇರಿದ್ದರೂ ಆಕ್ಸಿಜನ್ ಬಿಡುಗಡೆಯು ಬಹಳ ಸುಲಭವಾಗುತ್ತದೆಂದು ತೋರಿಸಿದ. ಬ್ಯಾಟರಿಗೆ ಕೇಡಾದ ಕಲ್ಮಶವು ನೀರಿನ ವಿಭಜನೆಗೆ ವರವಾಯಿತು. 2014ರಲ್ಲಿ ಆರಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗದ ಕ್ಷಾರದಲ್ಲಿದ್ದ ಕಬ್ಬಿಣದ ಅಂಶವನ್ನು ಸಂಪೂರ್ಣವಾಗಿ ತೆಗೆದು ನೋಡಿದಾಗ ಶುದ್ಧ ನಿಕಲ್ ಬಹಳ ಸಾಧಾರಣವಾದ ವೇಗವರ್ಧಕವೆಂದು ತಿಳಿಯಿತು. ಅದುವರೆಗೆ ನಿಕಲ್ಲಿಗೆ ಸಂದ ಕೀರ್ತಿಯಲ್ಲಿ ಹೆಚ್ಚಿನದು, ಬಾಟಲಿಯಿಂದ ಗೊತ್ತಾಗದಂತೆ ಬಂದು ಸೇರಿದ ಕಬ್ಬಿಣಕ್ಕೆ ಸಲ್ಲಬೇಕಾಗಿತ್ತು. ಬಳಸಿದ ವಸ್ತುವು ಶುದ್ಧವೇ ಎಂದು ವಿಜ್ಞಾನಿ ಏಕೆ ಪದೇ ಪದೇ ಕೇಳುತ್ತಾನೆ ಎಂಬುದನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ಅಪರೂಪ.

ಇತರ ಲೋಹಗಳ ಮಾತನ್ನು ಚುಟುಕಾಗಿ ಹೇಳಬಹುದು. 2008ರಲ್ಲಿ ಅಮೆರಿಕದ ಎಂಐಟಿಯಲ್ಲಿ ಡೇನಿಯಲ್ ನೊಸೆರಾ ಮತ್ತು ಮ್ಯಾಥ್ಯೂ ಕನಾನ್ ಅವರು ಕೋಬಾಲ್ಟ್ ಮತ್ತು ಫಾಸ್ಫೇಟಿನಿಂದ, ತಟಸ್ಥ ನೀರಿನಲ್ಲಿಯೇ ಕೆಲಸ ಮಾಡುವ ಧನಾಗ್ರವನ್ನು ಪಡೆದರು. ಮಾಲಿಬ್ಡಿನಂ ಸಲ್ಫೈಡ್ ಹರಳುಗಳಲ್ಲಿ ಹೈಡ್ರೋಜನ್ ಹುಟ್ಟುವುದು ಹಾಳೆಯ ಮೈಯಲ್ಲಲ್ಲ, ಅಂಚಿನಲ್ಲಿ ಎಂಬುದನ್ನು ಡೆನ್ಮಾರ್ಕಿನ ಸಂಶೋಧಕರು 2007ರಲ್ಲಿ ತೋರಿಸಿದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಇದೇ ಸಲ್ಫೈಡಿನ ಒಂದೇ ಪದರದ ಹಾಳೆಗಳನ್ನು ಬಳಸಿ, ಬೆಳಕಿನ ನೆರವಿನಿಂದ ನೀರಿನಿಂದ ಹೈಡ್ರೋಜನ್ ಪಡೆಯುವ ಕೆಲಸವನ್ನು ಪ್ರಕಟಿಸಿದರು.

ಮ್ಯಾಂಗನೀಸಿನ ವಿಷಯವು ಇನ್ನೂ ಹತ್ತಿರದ್ದು. ಶಾಲೆಯ ಅಂಗಳದ ಬೇವಿನ ಎಲೆಯೂ ಹೊಲದ ಹತ್ತಿಯ ಎಲೆಯೂ ಹಗಲೆಲ್ಲ ನೀರನ್ನು ವಿಭಜಿಸಿ ಆಕ್ಸಿಜನ್ ಬಿಡುತ್ತಿರುತ್ತವೆ. ಎಲೆಯಲ್ಲಿ ಈ ಕೆಲಸವನ್ನು ಮಾಡುವುದು ನಾಲ್ಕು ಮ್ಯಾಂಗನೀಸ್ ಪರಮಾಣುಗಳೂ ಒಂದು ಕ್ಯಾಲ್ಸಿಯಂ ಪರಮಾಣುವೂ ಆಕ್ಸಿಜನ್ನಿನೊಡನೆ ಹೆಣೆದುಕೊಂಡ ಒಂದು ಪುಟ್ಟ ಗೊಂಚಲು. ಅದರ ನಿಖರವಾದ ರಚನೆಯನ್ನು ಜಪಾನಿನ ವಿಜ್ಞಾನಿಗಳು 2011ರಲ್ಲಿ ಬಿಡಿಸಿಟ್ಟರು. ದ್ಯುತಿಸಂಶ್ಲೇಷಣೆಯ ಪಾಠವನ್ನು ಜೀವವಿಜ್ಞಾನದ ಶಿಕ್ಷಕರು ಮಾಡುವಾಗ ಈ ಕೊಂಡಿಯನ್ನು ತೋರಿಸಿದರೆ ಎರಡು ಪಾಠಗಳೂ ಬೆಳಗುತ್ತವೆ.

ಅಗ್ಗ ಎಂಬ ಮಾತಿನಲ್ಲಿ ಒಂದು ಎಚ್ಚರವೂ ಅಗತ್ಯ. ನಿಕಲ್ ಪ್ಲಾಟಿನಮ್ಮಿಗಿಂತ ಬಹಳ ಅಗ್ಗವಾದರೂ ಭಾರತಕ್ಕೆ ಬೇಕಾದದ್ದರಲ್ಲಿ ಬಹುಪಾಲು ಹೊರದೇಶಗಳಿಂದ ಬರುತ್ತದೆ. ಕಬ್ಬಿಣ ಮತ್ತು ಮ್ಯಾಂಗನೀಸ್ ನೆಲದೊಳಗೇ ಇವೆ, ಆದರೆ ಅವು ಒಂಟಿಯಾಗಿ ಇನ್ನೂ ನಿಕಲ್ ಮತ್ತು ಕಬ್ಬಿಣದ ಜೋಡಿಯ ಸಮಕ್ಕೆ ಬಂದಿಲ್ಲ. ಪ್ರಯೋಗಾಲಯದಲ್ಲಿ ಕೆಲವು ಗಂಟೆ ಚೆನ್ನಾಗಿ ನಡೆದದ್ದು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಬಾಳಬೇಕು. ಪತ್ರಿಕೆಯಲ್ಲಿ ಅಗ್ಗದ ವೇಗವರ್ಧಕದ ಸುದ್ದಿ ಬಂದಾಗ, ಎಷ್ಟು ವೋಲ್ಟ್, ಎಷ್ಟು ಗಂಟೆ ಎಂಬ ಎರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸಬೇಕು.

ತೋರಣಗಲ್ಲಿನ ಲೆಕ್ಕ

ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ 2025ರಲ್ಲಿ ಹಸಿರು ಹೈಡ್ರೋಜನ್ ಘಟಕವು ಆರಂಭವಾಯಿತು. ವರ್ಷಕ್ಕೆ 3,800 ಟನ್ ಹೈಡ್ರೋಜನ್ ಮತ್ತು 30,000 ಟನ್ ಆಕ್ಸಿಜನ್ ಒದಗಿಸುವುದು ಒಪ್ಪಂದ. ಅದಿರಿನಿಂದ ಆಕ್ಸಿಜನ್ನನ್ನು ಕಳೆದು ಕಬ್ಬಿಣವನ್ನು ಪಡೆಯಲು ಇಂಗಾಲದ ಬದಲು ಹೈಡ್ರೋಜನ್ನನ್ನು ಬಳಸಿದರೆ ಇಂಗಾಲದ ಡೈಆಕ್ಸೈಡಿನ ಬದಲು ನೀರಿನ ಆವಿ ಹೊರಡುತ್ತದೆ.

ಈ ಎರಡು ಅಂಕಿಗಳನ್ನು ಹಲಗೆಯ ಮೇಲೆ ಬರೆದು ಮಕ್ಕಳನ್ನು ಸುಮ್ಮನೆ ನೋಡಲು ಬಿಡಬೇಕು. ಲೋಟದಲ್ಲಿ ಹೈಡ್ರೋಜನ್ ಎರಡು ಪಾಲು, ಆಕ್ಸಿಜನ್ ಒಂದು ಪಾಲು ಎಂದು ಕಲಿತವರಿಗೆ ಇಲ್ಲಿ ಆಕ್ಸಿಜನ್ನೇ ಸುಮಾರು ಎಂಟರಷ್ಟಿರುವುದು ವಿಚಿತ್ರವಾಗಿ ಕಾಣುತ್ತದೆ. ಲೋಟದಲ್ಲಿ ಅಳೆದದ್ದು ಗಾತ್ರ, ಕಾರ್ಖಾನೆಯಲ್ಲಿ ತೂಗಿದ್ದು ದ್ರವ್ಯರಾಶಿ. ಒಂದು ಆಕ್ಸಿಜನ್ ಅಣುವಿನ ದ್ರವ್ಯರಾಶಿ 32, ಎರಡು ಹೈಡ್ರೋಜನ್ ಅಣುಗಳದು 4. ಮೋಲ್ ಪರಿಕಲ್ಪನೆಯನ್ನು ಕಂಠಪಾಠ ಮಾಡಿಸುವ ಬದಲು ಈ ಅಚ್ಚರಿಯಿಂದಲೇ ಆರಂಭಿಸಬಹುದು. ಅನಂತರ ಮುಂದಿನ ಲೆಕ್ಕ: ಪ್ರತಿ ಕೋಶದಲ್ಲಿ 0.1 ವೋಲ್ಟ್ ಉಳಿಸುವ ವೇಗವರ್ಧಕವು ಸಿಕ್ಕರೆ, 3,800 ಟನ್ನಿಗೆ ವರ್ಷಕ್ಕೆ ಉಳಿಯುವ ವಿದ್ಯುತ್ತೆಷ್ಟು? 38 ಲಕ್ಷ ಕಿಲೋಗ್ರಾಂ, ಪ್ರತಿಯೊಂದಕ್ಕೆ 2.66 ಯೂನಿಟ್, ಒಟ್ಟು ಒಂದು ಕೋಟಿ ಯೂನಿಟ್ಟಿಗೂ ತುಸು ಹೆಚ್ಚು. ಮನೆಯ ಕರೆಂಟ್ ಬಿಲ್ಲಿನಲ್ಲಿ ತಿಂಗಳ ಯೂನಿಟ್ಟುಗಳನ್ನು ನೋಡಿಕೊಂಡು ಬಂದು, ಇದು ಎಷ್ಟು ಮನೆಗಳ ವರ್ಷದ ಬಳಕೆಯೆಂದು ಮಕ್ಕಳೇ ಭಾಗಿಸಲಿ.

ತರಗತಿಯ ಪ್ರಯೋಗ

ವೇಗವರ್ಧಕದ ಗುಣವನ್ನು ಕೇವಲ ಗುಳ್ಳೆಗಳ ರಭಸದಿಂದ ಅಳೆಯಲಾಗದು. ಎರಡು ಲೋಟಗಳನ್ನು ಸರಣಿಯಲ್ಲಿ ಜೋಡಿಸುವುದೇ ಸರಿಯಾದ ಕ್ರಮ. ಸರಣಿಯಲ್ಲಿ ಎರಡರಲ್ಲಿಯೂ ಒಂದೇ ವಿದ್ಯುತ್ಪ್ರವಾಹವು ಹರಿಯುವುದರಿಂದ ಎರಡರಲ್ಲಿಯೂ ಹುಟ್ಟುವ ಹೈಡ್ರೋಜನ್ ಒಂದೇ ಪ್ರಮಾಣದ್ದು. ಬೇರೆಯಾಗುವುದು ವೋಲ್ಟ್ ಮಾತ್ರ.

ಒಂದು ಲೋಟದಲ್ಲಿ 8 ಮಿಲಿಮೀಟರ್ ವ್ಯಾಸದ ಎರಡು ಇಂಗಾಲದ ಕಡ್ಡಿಗಳು, ಇನ್ನೊಂದರಲ್ಲಿ ಒಂದೂಕಾಲು ಸೆಂಟಿಮೀಟರ್ ಅಗಲದ ಎರಡು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳು. ಎಲ್ಲವೂ ದ್ರಾವಣದಲ್ಲಿ 4 ಸೆಂಟಿಮೀಟರ್ ಮುಳುಗಿರಲಿ. ಆಗ ಪ್ರತಿಯೊಂದರ ಮುಳುಗಿದ ಮೈ ಸುಮಾರು 10 ಚದರ ಸೆಂಟಿಮೀಟರ್ ಆಗುತ್ತದೆ. ಎರಡು ಲೋಟಗಳಲ್ಲಿಯೂ ವಿದ್ಯುದಗ್ರಗಳ ನಡುವಿನ ದೂರವು ಒಂದೇ ಇರತಕ್ಕದ್ದು. ದ್ರಾವಣಕ್ಕೆ 100 ಮಿಲಿಲೀಟರ್ ನೀರಿಗೆ 10 ಗ್ರಾಂ ವಾಷಿಂಗ್ ಸೋಡಾ. ಪಠ್ಯದ ಸಲ್ಫ್ಯೂರಿಕ್ ಆಮ್ಲವನ್ನು ಇಲ್ಲಿ ಬಳಸಬಾರದು, ಸ್ಟೀಲು ಕರಗುತ್ತದೆ. ಆರು ಟಾರ್ಚ್ ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿದರೆ 9 ವೋಲ್ಟ್ ಆಗುತ್ತದೆ. ಅದೇ ವೋಲ್ಟಿನ ಪುಟ್ಟ ಚೌಕಾಕಾರದ ಬ್ಯಾಟರಿಯು ಬೇಗ ಸೋಲುತ್ತದೆ. ರಿಯೋಸ್ಟಾಟಿನಿಂದ ಪ್ರವಾಹವನ್ನು 0.1 ಆಂಪಿಯರಿಗೆ ತಂದು, ಮಲ್ಟಿಮೀಟರಿನಿಂದ ಪ್ರತಿ ಲೋಟದ ಎರಡು ವಿದ್ಯುದಗ್ರಗಳ ನಡುವಿನ ವೋಲ್ಟನ್ನು ಅಳೆಯಬೇಕು. ಸ್ಟೀಲಿನ ಲೋಟದಲ್ಲಿ ವೋಲ್ಟ್ ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಸ್ಟೀಲಿನಲ್ಲಿ ಕಬ್ಬಿಣವಿದೆ, ಬಹಳ ಕಡೆ ನಿಕಲ್ಲೂ ಇದೆ. ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಎಂಬ ಈ ಪ್ರಮಾಣವನ್ನೇ ಸಂಶೋಧನಾಲಯಗಳಲ್ಲಿಯೂ ವೇಗವರ್ಧಕಗಳ ಹೋಲಿಕೆಗೆ ಬಳಸುತ್ತಾರೆಂಬುದನ್ನು ಮಕ್ಕಳಿಗೆ ಹೇಳುವುದು ಮರೆಯಬಾರದು.

ಅನಿಲಗಳನ್ನು ಅಳೆದರೆ ಅನುಪಾತವು ಕರಾರುವಾಕ್ಕಾಗಿ 2:1 ಬರುವುದಿಲ್ಲ. ಆಕ್ಸಿಜನ್ನಿನ ಸ್ವಲ್ಪ ಭಾಗವು ನೀರಿನಲ್ಲಿ ಕರಗುತ್ತದೆ; ಇಂಗಾಲದ ಧನಾಗ್ರವು ತಾನೇ ಸವೆದು ಕಪ್ಪು ಪುಡಿಯನ್ನುದುರಿಸುತ್ತದೆ. ಬಂದ ಅಂಕಿಯನ್ನೇ ಬರೆಯಿಸಬೇಕು. ಪುಸ್ತಕದ ಅಂಕಿಗೆ ತಿದ್ದಿಸಬಾರದು.

ಅಡುಗೆ ಉಪ್ಪನ್ನು ಎಂದಿಗೂ ಹಾಕಬಾರದು. ಧನಾಗ್ರದಲ್ಲಿ ವಿಷಕಾರಿ ಕ್ಲೋರಿನ್ ಹುಟ್ಟುತ್ತದೆ, ಸ್ಟೀಲಿನಿಂದ ಕ್ರೋಮಿಯಂ ಬಿಡುತ್ತದೆ. ಸೋಡಾ ದ್ರಾವಣವಾದರೂ ಹಳದಿಗೆ ತಿರುಗಿದರೆ ಕೂಡಲೇ ನಿಲ್ಲಿಸಿ, ಕೈ ತಾಗಿಸದೆ ಬೇರೆಯಾಗಿ ತೆಗೆದಿಡಬೇಕು. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಬಳಸಬಾರದು. ಮುಚ್ಚಿದ ಪಾತ್ರೆಯಲ್ಲಿ ಎರಡೂ ಅನಿಲಗಳನ್ನು ಸೇರಿಸಿ ಹಿಡಿಯಬಾರದು. 0.1 ಆಂಪಿಯರಿನಲ್ಲಿ ಹತ್ತು ನಿಮಿಷಕ್ಕೆ ಒಂದು ಲೋಟದಲ್ಲಿ ಹುಟ್ಟುವ ಹೈಡ್ರೋಜನ್ ಸುಮಾರು 7.5 ಮಿಲಿಲೀಟರ್, ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದು ಪಟ್ ಎಂಬ ಸದ್ದನ್ನು ಕೇಳಿಸಲು ಅಷ್ಟು ಸಾಕು.

ಕೋಸಿಗಿ, ಕೌತಾಳ, ಮಂತ್ರಾಲಯ ಮಂಡಲಗಳ ಶಾಲೆಗಳಲ್ಲಿ ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಗುಂಟೂರಿನ ಕಡೆಗೆ ವಲಸೆ ಹೋಗುವ ಕುಟುಂಬಗಳೊಡನೆ ಮಕ್ಕಳೂ ಹೊರಟುಹೋಗುತ್ತಾರೆ. ಈ ಪ್ರಯೋಗದ ಅಳತೆಗಳನ್ನು ದಿನಾಂಕ ಸಹಿತ ದೊಡ್ಡ ಹಾಳೆಯ ಮೇಲೆ ಬರೆದು ತರಗತಿಯ ಗೋಡೆಯಲ್ಲಿ ಉಳಿಸಬೇಕು, ಎರಡೂ ಲೋಟಗಳನ್ನು ಕಳಚದೆ ಕಪಾಟಿನಲ್ಲಿಡಬೇಕು. ಮರಳಿ ಬಂದ ಮಗುವು ಮೊದಲು ಗೋಡೆಯ ಅಂಕಿಗಳನ್ನು 26.6ರಿಂದ ಗುಣಿಸಿ ಎರಡು ಲೋಟಗಳ ಯೂನಿಟ್ಟನ್ನು ಹೋಲಿಸಲಿ. ಅನಂತರ ತಾನೇ ಜೋಡಿಸಿ ಅಳೆದು, ತನ್ನ ಅಂಕಿಯನ್ನೂ ಅದೇ ಹಾಳೆಯ ಮೇಲೆ, ಗೆಳೆಯರ ಅಂಕಿಗಳ ಕೆಳಗೆ ಬರೆಯಲಿ.